ಒಡಂಬಡಿಕೆಯ ಕಡತ ಮತ್ತು ಹಿಂದಿನ ಬೆಂಚು

ಇಂಟರ್ನ್‌ಶಿಪ್‌ಗೆ ಹೊರಡುವ ಹಿಂದಿನ ದಿನ ಪಾಠಯೋಜನೆಗೆ ಸಹಿ ಹಾಕಿಸಿಕೊಳ್ಳಲು ಬಂದಿದ್ದ ಪ್ರಶಿಕ್ಷಣಾರ್ಥಿಯೊಬ್ಬ ಪುಸ್ತಕ ಮಡಚುತ್ತಾ ಕೇಳಿದ: “ಸರ್, ಎಂಟನೇ ಕ್ಲಾಸಿಗೆ ನಲವತ್ತು ನಿಮಿಷ ಪಾಠ ಮಾಡೋಕೆ ನಮಗೆ ಇಷ್ಟೆಲ್ಲ ತಯಾರಿ. ಡಿಗ್ರೀಲಿ ನಮಗೆ ಪಾಠ ಮಾಡಿದ ಮೇಷ್ಟ್ರುಗಳ ಪಾಠಯೋಜನೆ ಯಾರು ತಿದ್ದಿದ್ರು?”

ಯಾರೂ ಇಲ್ಲ ಎಂದೆ. ಅವನು ನಕ್ಕು ಹೊರಟುಹೋದ. ನನಗೆ ನಗು ಬರಲಿಲ್ಲ. ಅವನು ಕೇಳಿದ ಮೇಷ್ಟ್ರುಗಳ ಸಾಲಿನಲ್ಲಿ ನಾನೂ ಇದ್ದೇನಲ್ಲ!

ಲೆಕ್ಕ ಹಾಕಿ ನೋಡಿ. ಎರಡು ವರ್ಷದ ಬಿ.ಎಡ್.ನಲ್ಲಿ ನಿಮಗೆ 20 ವಾರಗಳ ಶಾಲಾ ಅನುಭವವಿದೆ. ಮೊದಲ ವರ್ಷ 4, ಎರಡನೇ ವರ್ಷ 16. ಅದಕ್ಕೂ ಮೊದಲು ಸೂಕ್ಷ್ಮ ಬೋಧನೆ. ಪೀಠಿಕಾ ಕೌಶಲ, ಪ್ರಶ್ನಿಸುವ ಕೌಶಲ ಎಂದು ಒಂದೊಂದನ್ನೇ ಬಿಡಿಸಿ, ಸಹಪಾಠಿಗಳ ಮುಂದೆ ಮಾಡಿ ತೋರಿಸಿ, ಬೈಸಿಕೊಂಡು, ಮತ್ತೆ ಮಾಡಬೇಕು. ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗುವವರಿಗೆ ಬೇಕಾದದ್ದು ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕ, ಅದರ ಜೊತೆಗೆ ನೆಟ್ ಅಥವಾ ಕೆ-ಸೆಟ್, ಇಲ್ಲವೇ ಪಿಎಚ್.ಡಿ. ಇದರಲ್ಲಿ ಎಲ್ಲಿಯೂ ಒಂದು ತರಗತಿಯ ಮುಂದೆ ನಿಂತು ತೋರಿಸಬೇಕಾದ ಪ್ರಸಂಗ ಬರುವುದಿಲ್ಲ. ಎಂಟನೇ ತರಗತಿಗೆ ಪಾಠ ಮಾಡುವವರಿಗೆ ಇಪ್ಪತ್ತು ವಾರ, ಹದಿನೆಂಟು ವರ್ಷದವರಿಗೆ ಪಾಠ ಮಾಡುವವರಿಗೆ ಸೊನ್ನೆ. ಶಿಕ್ಷಕರನ್ನು ತಯಾರು ಮಾಡುವ ನಮ್ಮ ವೃತ್ತಿಯ ದೀಪದ ಬುಡದ ಕತ್ತಲೆ ಇದು.

ಈ ಕತ್ತಲೆಯನ್ನು ಯಾರೂ ಗಮನಿಸಿಲ್ಲ ಎಂದಲ್ಲ. 1964–66ರ ಕೊಠಾರಿ ಆಯೋಗ ಶಿಕ್ಷಕರ ಶಿಕ್ಷಣಕ್ಕೆ ಅಂಟಿದ ಮೂರು ಒಂಟಿತನಗಳನ್ನು ಹೆಸರಿಸಿತ್ತು. ಶಿಕ್ಷಕ ತರಬೇತಿ ಸಂಸ್ಥೆಗಳು ವಿಶ್ವವಿದ್ಯಾಲಯದ ಬದುಕಿನಿಂದ ದೂರ, ಶಾಲೆಗಳಿಂದ ದೂರ, ಪರಸ್ಪರರಿಂದಲೂ ದೂರ. ನಮ್ಮ ಎಂ.ಎಡ್. ಪರೀಕ್ಷೆಗಳಲ್ಲಿ ಇದು ಇಂದಿಗೂ ಐದು ಅಂಕದ ಪ್ರಶ್ನೆ. ಪ್ರಶ್ನೆಯಾಗಿ ಉಳಿದುಬಿಟ್ಟಿದೆ ಎನ್ನುವುದೇ ನನ್ನ ತಕರಾರು. ಎರಡನೆಯದನ್ನು, ಅಂದರೆ ಶಾಲೆಗಳಿಂದ ದೂರ ಎನ್ನುವುದನ್ನು, ಅಭ್ಯಾಸ ಶಾಲೆಗಳ ಮೂಲಕ ಅಷ್ಟಿಷ್ಟು ದಾಟಿದ್ದೇವೆ. ಮೊದಲನೆಯದು ಹಾಗೇ ಇದೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ನಮ್ಮಲ್ಲಿ ಬೆಂಗಳೂರು, ಮೈಸೂರು ವಿಶ್ವವಿದ್ಯಾಲಯಗಳಿಗೆ ಅವು ಬಂದವು. ಬೇರೆ ಬೇರೆ ಕಾಲೇಜುಗಳ ಅಧ್ಯಾಪಕರು ಒಂದೆಡೆ ಸೇರಿ ಕಲಿಯಲಿ ಎಂಬುದು ಆಶಯ. ಮುಂದೆ ಅವುಗಳ ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದಾಯಿತು. 2023ರ ಶಿಕ್ಷಕರ ದಿನಾಚರಣೆಯಂದು ಮಾಳವೀಯ ಮಿಷನ್ ಬಂದ ಮೇಲೆ ಫಲಕ ಇನ್ನೊಮ್ಮೆ ಬದಲಾಯಿತು.

ಅಂಥ ಒಂದು ಕೇಂದ್ರದಲ್ಲಿ, ನಾಲ್ಕು ವಾರಗಳ ಕಾಲ, ನಾನೂ ಕೂತು ಬಂದಿದ್ದೇನೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಉಪನ್ಯಾಸ. ಒಬ್ಬ ಸಂಪನ್ಮೂಲ ವ್ಯಕ್ತಿ ಉಪನ್ಯಾಸ ಪದ್ಧತಿಯ ಮಿತಿಗಳನ್ನು ಕುರಿತು ಒಂದೂವರೆ ಗಂಟೆ ಉಪನ್ಯಾಸ ಕೊಟ್ಟರು. ಯಾರೂ ನಗಲಿಲ್ಲ, ಊಟದ ಹೊತ್ತಾಗಿತ್ತು. ಆ ದಿನಗಳಲ್ಲಿ ನಾನು ನಿಜವಾಗಿ ಕಲಿತದ್ದು ಹಾಸ್ಟೆಲಿನ ಕೋಣೆಯಲ್ಲಿ. ನನ್ನ ಜೊತೆಗಿದ್ದ ಪ್ರಾಣಿಶಾಸ್ತ್ರದ ಅಧ್ಯಾಪಕರು ಬೋರ್ಡಿನ ಮೇಲೆ ಚಿತ್ರವನ್ನು ಯಾವ ಕ್ರಮದಲ್ಲಿ ಬರೆದರೆ ಮಕ್ಕಳ ಕಣ್ಣು ಹಿಂಬಾಲಿಸುತ್ತದೆ ಎಂದು ರಾತ್ರಿ ಹನ್ನೊಂದರವರೆಗೆ ವಿವರಿಸಿದ್ದರು. ಅದನ್ನು ಇಂದಿಗೂ ಬಳಸುತ್ತೇನೆ. ಆದರೆ ಆ ನಾಲ್ಕು ವಾರಗಳಲ್ಲಿ ನಾನು ಪಾಠ ಮಾಡುವುದನ್ನು ಯಾರೂ ನೋಡಲಿಲ್ಲ, ಇನ್ನೊಬ್ಬರು ತಮ್ಮ ವಿದ್ಯಾರ್ಥಿಗಳಿಗೆ ಪಾಠ ಮಾಡುವುದನ್ನು ನಾನೂ ನೋಡಲಿಲ್ಲ. ನೀರಿಲ್ಲದ ಕೊಳದ ದಂಡೆಯಲ್ಲಿ ಈಜಿನ ತರಗತಿ. ಪ್ರಮಾಣಪತ್ರ ಸಿಕ್ಕಿತು, ಪದೋನ್ನತಿಯ ಅರ್ಜಿಗೆ ಲಗತ್ತಿಸಿದೆ. ಈಗ ಇದೇ ಕೆಲಸ ಆನ್‌ಲೈನಿನಲ್ಲಿ, ಎರಡು ವಾರಗಳಲ್ಲಿ, ಕ್ಯಾಮೆರಾ ಮುಚ್ಚಿಕೊಂಡು ಮುಗಿಯುತ್ತದೆ. ಹಾಸ್ಟೆಲಿನ ಕೋಣೆಯೂ ಹೋಯಿತು.

ಸಂಸ್ಥೆಗಳು ಕೈಜೋಡಿಸಿ ಅಧ್ಯಾಪಕರನ್ನು ರೂಪಿಸಿದ ಉದಾಹರಣೆಗಳೇ ಇಲ್ಲವೇ? ಇವೆ. ಕಾನ್ಪುರದ ಐಐಟಿಗೆ 1962ರಿಂದ 1972ರವರೆಗೆ ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳ ಒಕ್ಕೂಟ ಜೊತೆಯಾಗಿ ನಿಂತಿತ್ತು. ಎಂಐಟಿ, ಪ್ರಿನ್ಸ್‌ಟನ್, ಪರ್ಡ್ಯೂ ಮೊದಲಾದವು ಅದರಲ್ಲಿದ್ದವು. ಅಲ್ಲಿನ ಪ್ರಾಧ್ಯಾಪಕರು ಬಂದು ಭಾಷಣ ಮಾಡಿ ಹಾರ ಹಾಕಿಸಿಕೊಂಡು ವಿಮಾನ ಹತ್ತಲಿಲ್ಲ. ಕ್ಯಾಂಪಸ್ಸಿನಲ್ಲಿ ಸಂಸಾರ ಹೂಡಿ, ಇಲ್ಲಿನ ಯುವ ಅಧ್ಯಾಪಕರ ಜೊತೆ ಪಠ್ಯಕ್ರಮ ಬರೆದರು, ಪ್ರಯೋಗಾಲಯ ಕಟ್ಟಿದರು, ಒಂದೇ ಕೋರ್ಸನ್ನು ಕೂಡಿ ಕಲಿಸಿದರು. 1963ರಲ್ಲಿ ಬಂದ ಐಬಿಎಂ 1620 ಕಂಪ್ಯೂಟರನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಮುಖ್ಯವೆನಿಸುವುದು ಯಂತ್ರವಲ್ಲ, ಹತ್ತು ವರ್ಷ ಎನ್ನುವ ಅವಧಿ. ಬಂದವರು ಒಂದು ದಿನ ಹೋಗುತ್ತಾರೆ, ಆಮೇಲೆ ಇದನ್ನು ನಾವೇ ನಡೆಸಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು.

ನಮ್ಮ ನೆಲದಲ್ಲೇ ಬೇಕೆಂದರೆ ಮೈಸೂರಿಗೆ ಹೋಗಿ. 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು, ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಅಜ್ಮೀರ್, ಭೋಪಾಲ್, ಭುವನೇಶ್ವರದ ಸೋದರ ಸಂಸ್ಥೆಗಳಂತೆ ಇದಕ್ಕೂ ಮೊದಲ ವರ್ಷಗಳಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ತಜ್ಞರ ನೆರವಿತ್ತು. ಆ ನೆರವಿಗಿಂತ ದೊಡ್ಡದು ಅದರ ಕಾಂಪೌಂಡು. ಭೌತಶಾಸ್ತ್ರ ಕಲಿಸುವವರು, ಶಿಕ್ಷಣಶಾಸ್ತ್ರ ಕಲಿಸುವವರು, ಪ್ರಾತ್ಯಕ್ಷಿಕ ಶಾಲೆಯ ಶಿಕ್ಷಕರು ಒಂದೇ ಆವರಣದಲ್ಲಿ ಓಡಾಡುತ್ತಾರೆ. ಜಗಳವಾಡಲಿಕ್ಕಾದರೂ ಒಬ್ಬರನ್ನೊಬ್ಬರು ನೋಡಲೇಬೇಕು. ನಮ್ಮಂಥ ಒಂಟಿ ಬಿ.ಎಡ್. ಕಾಲೇಜುಗಳಿಗೆ ಆ ಭಾಗ್ಯವಿಲ್ಲ.

ಇನ್ನೊಂದು ಬಗೆಯ ಸಹಯೋಗವೂ ಇದೆ. 1970ರಿಂದ ನಡೆದಿರುವ ಗುಣಮಟ್ಟ ಸುಧಾರಣಾ ಕಾರ್ಯಕ್ರಮದಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೋ ಐಐಟಿಗಳಿಗೋ ಹೋಗಿ ಉನ್ನತ ಪದವಿ ಪಡೆದು ಮರಳುತ್ತಾರೆ. ಒಳ್ಳೆಯ ಯೋಜನೆ, ಎಷ್ಟೋ ಕಾಲೇಜುಗಳ ಮಟ್ಟ ಏರಿದೆ. ಆದರೆ ಅದು ವಿದ್ವಾಂಸರನ್ನು ತಯಾರಿಸುತ್ತದೆ. ವಿದ್ವತ್ತು ಇದ್ದರೆ ಬೋಧನೆ ತಾನೇ ಬರುತ್ತದೆ ಎಂಬ ನಂಬಿಕೆ ಅದರ ಬುಡದಲ್ಲಿದೆ. ಆ ನಂಬಿಕೆಯ ಫಲ ಉಂಡವರು ನಾವೆಲ್ಲ.

ಇಷ್ಟು ಹೇಳಿ, ನಮ್ಮ ಕಾಲೇಜಿನ ಕಥೆಗೆ ಬರುತ್ತೇನೆ. ನ್ಯಾಕ್ ತಂಡ ಬರುವ ಹಿಂದಿನ ವರ್ಷ ನಾವು ಹನ್ನೆರಡು ಕಿಲೋಮೀಟರ್ ದೂರದ ಒಂದು ಪ್ರಥಮ ದರ್ಜೆ ಕಾಲೇಜಿನೊಂದಿಗೆ ಮೂರು ವರ್ಷಗಳ ಒಡಂಬಡಿಕೆಗೆ ಸಹಿ ಹಾಕಿದೆವು. ‘ಬೋಧಕ ವರ್ಗದ ವಿನಿಮಯ ಹಾಗೂ ಸಾಮರ್ಥ್ಯ ವರ್ಧನೆ’ ಎಂದು ಮೊದಲ ಕಲಮು. ಇಬ್ಬರು ಪ್ರಾಂಶುಪಾಲರು ಕಡತ ಹಿಡಿದು ನಿಂತ ಫೋಟೋ ಇದೆ. ಹಿಂದಿನ ಸಾಲಿನಲ್ಲಿ ನನ್ನ ಅರ್ಧ ಮುಖವೂ ಇದೆ. ಮೊದಲ ವರ್ಷ ನಡೆದದ್ದು ಒಂದು ವಿಶೇಷ ಉಪನ್ಯಾಸ, ಒಂದು ಸಸಿ ನೆಡುವ ಕಾರ್ಯಕ್ರಮ. ಇಂಥ ಕಡತಗಳು ನಿಮ್ಮ ಕಾಲೇಜಿನ ಅಲಮಾರಿನಲ್ಲೂ ಇರಬಹುದು.

ಎರಡನೇ ವರ್ಷ ಆ ಕಾಲೇಜಿನ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿಯೊಬ್ಬರು ಫೋನ್ ಮಾಡಿದರು. ಒಡಂಬಡಿಕೆಯ ಫೋಟೋವನ್ನು ನೋಟಿಸ್ ಬೋರ್ಡಿನಲ್ಲಿ ನೋಡಿದರಂತೆ. “ಸರ್, ಮೊದಲ ಸೆಮಿಸ್ಟರಿನ ಮಕ್ಕಳು ಅರ್ಧದಷ್ಟು ಕನ್ನಡ ಮಾಧ್ಯಮದಿಂದ ಬಂದವರು. ನಾನು ಹೇಳಿದ್ದು ಅವರಿಗೆ ತಲುಪ್ತಿದೆಯೋ ಇಲ್ವೋ ನನಗೇ ಗೊತ್ತಾಗ್ತಿಲ್ಲ. ನೀವು ಒಂದ್ಸಲ ಬಂದು ಕ್ಲಾಸಿನಲ್ಲಿ ಕೂತ್ಕೋತೀರಾ?” ಇಷ್ಟು ವರ್ಷಗಳ ನನ್ನ ಸೇವೆಯಲ್ಲಿ ಒಬ್ಬ ಕಾಲೇಜು ಅಧ್ಯಾಪಕರು ಹೀಗೆ ಕೇಳಿದ್ದು ಅದೇ ಮೊದಲು. ಇಂದಿಗೂ ಅದೇ ಕೊನೆ.

ಹೋದೆ. ಹಿಂದಿನ ಬೆಂಚಿನಲ್ಲಿ ಕೂತು, ನಿಮ್ಮ ಪಾಠಗಳಿಗೆ ಬಳಸುವ ಅದೇ ಅವಲೋಕನ ಹಾಳೆಯನ್ನು ತೆಗೆದೆ. ಪರಮಾಣು ರಚನೆಯ ಪಾಠ. ವಿಷಯದ ಮೇಲೆ ಅವರಿಗಿದ್ದ ಹಿಡಿತ ನನ್ನನ್ನು ಬೆರಗುಗೊಳಿಸಿತು. ಆದರೆ ಐವತ್ತು ನಿಮಿಷಗಳಲ್ಲಿ ಅವರು ಹದಿನಾಲ್ಕು ಪ್ರಶ್ನೆ ಕೇಳಿದರು, ಹನ್ನೊಂದಕ್ಕೆ ಅವರೇ ಉತ್ತರಿಸಿದರು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಉಸಿರಿನಷ್ಟೂ ಬಿಡುವಿಲ್ಲ. ನನ್ನ ಪಕ್ಕ ಕೂತಿದ್ದ ಹುಡುಗ ಎರಡು ಬಾರಿ ಬಾಯಿ ತೆರೆದ. ಎರಡು ಬಾರಿಯೂ ಅವನ ಉತ್ತರ ಅವನ ಬಾಯಲ್ಲೇ ಉಳಿಯಿತು. ಪಾಠ ಮುಗಿದ ಮೇಲೆ ಇದನ್ನು ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, “ಮೌನ ಆದ್ರೆ ನನಗೆ ಭಯ ಆಗುತ್ತೆ ಸರ್” ಎಂದರು. ಸೂಕ್ಷ್ಮ ಬೋಧನೆಯ ಮೊದಲ ವಾರ ನೀವೆಲ್ಲ ಹೇಳುವ ಮಾತು ಅದೇ. ಆ ಮಾತನ್ನು ಹೇಳಲು ಅವರಿಗೆ ಆರು ವರ್ಷಗಳ ಸೇವೆಯಲ್ಲಿ ಒಬ್ಬ ಕೇಳುಗ ಸಿಕ್ಕಿರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಇದು ‘ಬಿ.ಎಡ್. ಮೇಷ್ಟ್ರು ಡಿಗ್ರಿ ಮೇಡಂಗೆ ಪಾಠ ಹೇಳಿದ’ ಕಥೆಯಾಗುತ್ತಿತ್ತು. ಅವರು ಸುಮ್ಮನೆ ಬಿಡುವವರಲ್ಲ. ಮುಂದಿನ ವಾರ ತಮಗೆ ತರಗತಿ ಇಲ್ಲದ ದಿನ ಬಸ್ಸು ಹಿಡಿದು ನಮ್ಮ ಕಾಲೇಜಿಗೆ ಬಂದರು, ನನ್ನದೇ ಹಾಳೆಯ ಖಾಲಿ ಪ್ರತಿ ಕೇಳಿದರು, ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು. ನಾನು ಅಂದು ರಚನಾವಾದ ಕಲಿಸುತ್ತಿದ್ದೆ. ಕಲಿಯುವವನೇ ಜ್ಞಾನವನ್ನು ಕಟ್ಟಿಕೊಳ್ಳುತ್ತಾನೆ, ಶಿಕ್ಷಕ ಅನುಕೂಲಕಾರ ಮಾತ್ರ, ಇತ್ಯಾದಿ. ಕೊನೆಯಲ್ಲಿ ಅವರು ಹಾಳೆ ನನ್ನ ಮುಂದಿಟ್ಟರು. ಷರಾ ಕಾಲಮ್ಮಿನಲ್ಲಿ ಒಂದೇ ಸಾಲು: ಶಿಕ್ಷಕರ ಮಾತು 38 ನಿಮಿಷ, ವಿದ್ಯಾರ್ಥಿಗಳ ಮಾತು 2 ನಿಮಿಷ. ‘ಹೌದು ಸರ್’ ಎಂದದ್ದನ್ನೂ ಆ ಎರಡು ನಿಮಿಷಕ್ಕೆ ಸೇರಿಸಿದ್ದರಂತೆ. ಎಷ್ಟೋ ಪ್ರಶಿಕ್ಷಣಾರ್ಥಿಗಳ ಹಾಳೆಯ ಮೇಲೆ ಇಂಥ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದ ಕೈ ನನ್ನದು. ನನ್ನ ಬಗ್ಗೆ ಯಾರಾದರೂ ಹಾಗೆ ಬರೆದಾಗ ಹೇಗಿರುತ್ತದೆ ಎಂದು ಅಂದು ತಿಳಿಯಿತು. ಕಿವಿ ಬಿಸಿಯಾಯಿತು, ನಿಜ. ಅಂದಿನಿಂದ ನಿಮ್ಮ ಹಾಳೆಗಳ ಮೇಲೆ ಸ್ವಲ್ಪ ಮೆತ್ತಗೆ ಬರೆಯುತ್ತಿದ್ದೇನೆ, ಗಮನಿಸಿದ್ದೀರೋ ಇಲ್ಲವೋ.

ಮೂರನೆಯ ಭೇಟಿ ಅಭ್ಯಾಸ ಶಾಲೆಯಲ್ಲಿ. ನಮ್ಮ ಪ್ರಶಿಕ್ಷಣಾರ್ಥಿ ಎಂಟನೇ ತರಗತಿಗೆ ‘ದಹನ ಮತ್ತು ಜ್ವಾಲೆ’ ತೆಗೆದುಕೊಂಡಿದ್ದಳು. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಕವುಚಿದ ಗಾಜಿನ ಲೋಟ. ಬತ್ತಿ ಆರಿತು, ನೀರು ಮೇಲೇರಿತು, ಮಕ್ಕಳು ಚಪ್ಪಾಳೆ ತಟ್ಟಿದರು. “ಲೋಟದೊಳಗಿನ ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು, ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ ಇದೆ ಎಂದು ಇದರಿಂದ ತಿಳಿಯುತ್ತದೆ” ಎಂದಳು. ಅಚ್ಚುಕಟ್ಟಾದ ಪಾಠ, ಒಳ್ಳೆಯ ಅಂಕ ಕೊಟ್ಟೆ.

ಹೊರಗೆ ಬಂದ ಮೇಲೆ ಉಪನ್ಯಾಸಕಿ ಪ್ರಶಿಕ್ಷಣಾರ್ಥಿಯನ್ನು ಕೇಳಿದರು: “ಆಮ್ಲಜನಕ ಖರ್ಚಾಗ್ತಾ ಹೋದ್ರೆ ನೀರೂ ಬತ್ತಿ ಉರೀತಿರೋವಾಗ್ಲೇ ನಿಧಾನವಾಗಿ ಏರಬೇಕಲ್ವಾ? ಬತ್ತಿ ಆರಿದ ಮೇಲೆ ಸರ್ರನೆ ಏರಿದ್ದು ಯಾಕೆ? ಲೋಟ ಕವುಚುವಾಗ ಅಂಚಿನಿಂದ ಗುಳ್ಳೆ ಹೊರಗೆ ಬಂದಿದ್ದು ನೋಡಿದ್ಯಾ?” ಹುಡುಗಿ ನನ್ನ ಮುಖ ನೋಡಿದಳು. ನಾನು ತಟ್ಟೆಯ ಮುಖ ನೋಡಿದೆ.

ವಿಷಯ ಹೀಗಿದೆ. ಜ್ವಾಲೆಯ ಬಿಸಿಗೆ ಲೋಟದೊಳಗಿನ ಗಾಳಿ ಹಿಗ್ಗಿ ಒಂದಷ್ಟು ಹೊರಗೆ ಹೋಗುತ್ತದೆ. ಬತ್ತಿ ಆರಿದೊಡನೆ ಉಳಿದ ಅನಿಲ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ವಾಯು ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಬತ್ತಿ ಆರುವಾಗ ಆಮ್ಲಜನಕವೆಲ್ಲ ಮುಗಿದಿರುವುದೂ ಇಲ್ಲ. ಪರೀಕ್ಷಿಸಲು ಅದೇ ಲೋಟದಡಿ ಒಂದರ ಬದಲು ಮೂರು ಬತ್ತಿ ಇಟ್ಟು ನೋಡಿದೆವು. ಒಳಗಿನ ಆಮ್ಲಜನಕ ಹೆಚ್ಚಾಗಿಲ್ಲ, ಆದರೆ ನೀರು ಇನ್ನೂ ಮೇಲಕ್ಕೇರಿತು. ಈ ತಪ್ಪು ವಿವರಣೆಯಿದ್ದ ಪಾಠಯೋಜನೆಗೆ ನಾನು ಸುಮಾರು ಹದಿನೈದು ವರ್ಷ ಸಹಿ ಹಾಕಿದ್ದೇನೆ. ಎಷ್ಟು ಶಿಕ್ಷಕರು ಅದನ್ನು ಎಷ್ಟು ಶಾಲೆಗಳಿಗೆ ಒಯ್ದರೋ! ಪೀಠಿಕೆ, ಪ್ರಶ್ನೆ, ಕಪ್ಪುಹಲಗೆಯ ಬಳಕೆ ಎಲ್ಲವನ್ನೂ ಅಳೆಯುವ ನಮ್ಮ ಹಾಳೆಯಲ್ಲಿ ‘ಹೇಳಿದ್ದು ನಿಜವೇ?’ ಎಂಬ ಕಾಲಮ್ಮು ಇರಲಿಲ್ಲ.

ಆದ್ದರಿಂದ, ಕಾಲೇಜು ಅಧ್ಯಾಪಕರಿಗೆ ನಾವು ತರಬೇತಿ ಕೊಡಬೇಕು ಎಂದು ನಾನು ವಾದಿಸುತ್ತಿಲ್ಲ. ಅವರಿಗೆ ವಿಷಯ ಗೊತ್ತು, ನಮಗೆ ವಿಧಾನ ಗೊತ್ತು ಎಂಬ ಹಂಚಿಕೆಯೇ ತಪ್ಪು. ವಿಷಯ ಗೊತ್ತಿಲ್ಲದೆ ವಿಧಾನ ಎಷ್ಟು ಅಪಾಯಕಾರಿ ಎಂದು ಆ ತಟ್ಟೆಯ ನೀರು ತೋರಿಸಿತು. ಒಬ್ಬರು ಕಲಿಸುವವರು, ಇನ್ನೊಬ್ಬರು ಕಲಿಯುವವರು ಎಂದು ಬರೆದುಕೊಂಡ ಸಹಯೋಗ ಎರಡನೇ ವಾರವೇ ಕಹಿಯಾಗುತ್ತದೆ. ಎರಡೂ ಕಡೆಯ ಬಾಗಿಲು ತೆರೆದಿದ್ದರೆ ಮಾತ್ರ ಅವಮಾನ ಇಬ್ಬರಿಗೂ ಸಮನಾಗಿ ಹಂಚಿಕೆಯಾಗುತ್ತದೆ.

ಇಲ್ಲಿ ಒಂದು ತೊಡಕಿದೆ. ನಮ್ಮ ಪ್ರಾಂಶುಪಾಲರು ಒಳ್ಳೆಯವರು. ವಿಷಯ ತಿಳಿದು ಸಂತೋಷಪಟ್ಟರು. ಮರುಕ್ಷಣವೇ ಆ ಅವಲೋಕನ ಹಾಳೆಗಳನ್ನು, ಜೊತೆಗೆ ನಾಲ್ಕು ಫೋಟೋಗಳನ್ನು, ಕಡತಕ್ಕೆ ಕೊಡಿ ಎಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಸಹಯೋಗ ನಡೆದಿದೆ ಎನ್ನಲು ನ್ಯಾಕ್‌ಗೆ ದಾಖಲೆ ಬೇಕು. ಆದರೆ ‘ಹನ್ನೊಂದಕ್ಕೆ ಅವರೇ ಉತ್ತರಿಸಿದರು’ ಎಂಬ ಹಾಳೆ ಕಡತ ಸೇರುತ್ತದೆ ಎಂದು ಗೊತ್ತಾದ ದಿನ ಯಾರೂ ಬಾಗಿಲು ತೆರೆಯುವುದಿಲ್ಲ. ತೆರೆದರೂ ಅಂದು ನಾಟಕ ನಡೆಯುತ್ತದೆ. ಅದರಲ್ಲೂ ವರ್ಷ ವರ್ಷ ನೇಮಕಾತಿಗೆ ಕಾಯುವ ಅತಿಥಿ ಉಪನ್ಯಾಸಕರ ತಪ್ಪುಗಳನ್ನು ಕಾಗದದಲ್ಲಿಡುವುದು ಅನ್ಯಾಯ. ನಾನು ಹಾಳೆ ಕೊಡಲಿಲ್ಲ. ದಿನಾಂಕ, ತರಗತಿ, ಪಾಠದ ಹೆಸರು ಇಷ್ಟನ್ನು ಮಾತ್ರ ಒಂದು ರಿಜಿಸ್ಟರಿನಲ್ಲಿ ಬರೆದು ಕೊಟ್ಟೆ. ನಿಮ್ಮಲ್ಲಿ ಕೆಲವರಿಗೆ ಇದು ಅಧಿಕಪ್ರಸಂಗವೆನಿಸಬಹುದು. ನನಗೆ ಹಾಗನಿಸಿಲ್ಲ.

ಅತಿಥಿ ಉಪನ್ಯಾಸಕರ ಮಾತು ಬಂದಿತಲ್ಲ, ಅದನ್ನು ಪೂರ್ತಿ ಹೇಳಿಬಿಡುತ್ತೇನೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಭಾರವನ್ನು ಬಹುಮಟ್ಟಿಗೆ ಹೊತ್ತಿರುವವರು ಅವರೇ. ಪುನಶ್ಚೇತನ ಕೋರ್ಸುಗಳ ಸೆಳೆತವಿರುವುದು ಪದೋನ್ನತಿಯಲ್ಲಿ. ಅವರಿಗೆ ಪದೋನ್ನತಿಯೇ ಇಲ್ಲ. ಹೀಗಾಗಿ ಯಾರು ಹೆಚ್ಚು ಪಾಠ ಮಾಡುತ್ತಾರೋ ಅವರನ್ನು ತರಬೇತಿಯ ವ್ಯವಸ್ಥೆ ನೆನೆಯುವುದೇ ಇಲ್ಲ. ನಾನು ಹೇಳಿದ ಉಪನ್ಯಾಸಕಿ ಬಂದದ್ದು ತಮ್ಮ ಬಿಡುವಿನ ದಿನ, ತಮ್ಮ ಬಸ್ ಚಾರ್ಜಿನಲ್ಲಿ. ‘ಸಾಮರ್ಥ್ಯ ವರ್ಧನೆ’ ಎಂದು ಬರೆದ ಎರಡು ಸಂಸ್ಥೆಗಳಿಂದ ಅವರಿಗೆ ಹೋಗಿಬರುವ ಟಿಕೆಟ್ಟಿನ ಹಣವೂ ಸಿಗಲಿಲ್ಲ. ನಾನೂ ಕೇಳಲಿಲ್ಲ, ಆ ತಪ್ಪು ನನ್ನದು.

ಪಿಎಚ್.ಡಿ. ವಿದ್ಯಾರ್ಥಿಗಳ ವಿಷಯದಲ್ಲಿ ಈಗ ಒಂದು ಅವಕಾಶ ತೆರೆದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಂಶೋಧನಾರ್ಥಿಗಳು ತಮ್ಮ ವಿಷಯದ ಬೋಧನಾಶಾಸ್ತ್ರವನ್ನು ಕಲಿಯಬೇಕು ಎಂದಿತು. 2022ರ ಯುಜಿಸಿ ನಿಯಮಗಳು ಅದನ್ನು ಸೇರಿಸಿಕೊಂಡು, ವಾರಕ್ಕೆ 4ರಿಂದ 6 ಗಂಟೆ ಬೋಧನೆ ಅಥವಾ ಸಂಶೋಧನೆಯ ಸಹಾಯಕ ಕೆಲಸ ಕೊಡಬಹುದೆಂದವು. ಅವರಿಗೆ ಬೋಧನೆ ಕಲಿಸುವವರು ಯಾರು? ಅವರ ಮಾರ್ಗದರ್ಶಕರಿಗೇ ಯಾರೂ ಕಲಿಸಿಲ್ಲ. ಅದೇ ನೀತಿ 2030ರ ಹೊತ್ತಿಗೆ ನಮ್ಮಂಥ ಒಂಟಿ ಶಿಕ್ಷಣ ಕಾಲೇಜುಗಳು ಬಹುಶಿಸ್ತೀಯ ಸಂಸ್ಥೆಗಳಾಗಬೇಕು ಎನ್ನುತ್ತದೆ. ಸಭೆಗಳಲ್ಲಿ ಇದರ ಮಾತು ಬಂದಾಗ ಎಲ್ಲರ ಮುಖ ಬಾಡುತ್ತದೆ, ಕಟ್ಟಡ ಎಲ್ಲಿ, ಹೊಸ ವಿಭಾಗಕ್ಕೆ ದುಡ್ಡು ಎಲ್ಲಿ ಎಂದು. ಕಟ್ಟಡದ ಚಿಂತೆ ಆಡಳಿತ ಮಂಡಳಿಗಿರಲಿ. ಹನ್ನೆರಡು ಕಿಲೋಮೀಟರ್ ದೂರದಲ್ಲಿ ಒಂದು ರಸಾಯನಶಾಸ್ತ್ರ ವಿಭಾಗ ಈಗಾಗಲೇ ಇದೆ, ನಮ್ಮಲ್ಲಿ ಅವಲೋಕನ ಮಾಡಬಲ್ಲ ಜನ ಇದ್ದಾರೆ. ಸಂಶೋಧನಾರ್ಥಿಗಳ ಮೊದಲ ಹತ್ತು ತರಗತಿಗಳಿಗೆ ನಾವು ಹಿಂದಿನ ಬೆಂಚಿನಲ್ಲಿ ಕೂರಬಹುದು. ನಮ್ಮ ವಿಜ್ಞಾನ ಪಾಠಯೋಜನೆಗಳನ್ನು ಅವರು ಓದಿ ತಪ್ಪು ಹಿಡಿಯಬಹುದು. ಇದಕ್ಕೆ ಬೇಕಾದದ್ದು ವೇಳಾಪಟ್ಟಿಯಲ್ಲಿ ಎರಡು ಗಂಟೆ. ಅನುಭವದಿಂದ ಹೇಳುತ್ತೇನೆ, ಹಣಕ್ಕಿಂತ ಆ ಎರಡು ಗಂಟೆಯನ್ನು ಗಿಟ್ಟಿಸುವುದೇ ಕಷ್ಟ.

ಮೂರನೇ ವರ್ಷ ಏನಾಯಿತು ಎಂದು ಕೇಳುತ್ತೀರಿ. ಕೌನ್ಸೆಲಿಂಗ್‌ನಲ್ಲಿ ಆ ಉಪನ್ಯಾಸಕಿಗೆ ಬೇರೆ ಜಿಲ್ಲೆಯ ಕಾಲೇಜು ಸಿಕ್ಕಿತು. ಅವರೊಂದಿಗೆ ನಮ್ಮ ವಿನಿಮಯವೂ ಹೋಯಿತು. ಒಡಂಬಡಿಕೆ ಎರಡು ಕಾಲೇಜುಗಳ ನಡುವೆ ಇತ್ತು, ಕೆಲಸ ಇಬ್ಬರು ಮನುಷ್ಯರ ನಡುವೆ ಇತ್ತು. ಅದನ್ನು ಮೊದಲೇ ಕಾಣದೆ, ನಡೆಯುತ್ತಿದೆಯಲ್ಲ ಎಂದು ಸುಮ್ಮನಿದ್ದೆ.

ಈಗ ಅವಧಿ ಮುಗಿದು ನವೀಕರಣದ ಕಾಗದ ನನ್ನ ಮೇಜಿನ ಮೇಲಿದೆ. ಒಂದು ಕಲಮು ಸೇರಿಸಿ ಕೊಟ್ಟಿದ್ದೇನೆ. ಪ್ರತಿ ಸೆಮಿಸ್ಟರಿನಲ್ಲಿ ಎರಡೂ ಕಡೆಯಿಂದ ತಲಾ ಇಬ್ಬರು ಇನ್ನೊಂದು ಸಂಸ್ಥೆಯ ನಾಲ್ಕು ತರಗತಿಗಳಲ್ಲಿ ಕೂರಬೇಕು. ಅತಿಥಿ ಉಪನ್ಯಾಸಕರಿಗೂ ಇದು ಅನ್ವಯವಾಗಬೇಕು. ಆ ಗಂಟೆಗಳು ಕಾರ್ಯಭಾರಕ್ಕೆ ಸೇರಬೇಕು, ಪ್ರಯಾಣ ಭತ್ಯೆ ಇರಬೇಕು. ಅವಲೋಕನ ಹಾಳೆ ಆ ಇಬ್ಬರ ಬಳಿ ಮಾತ್ರ ಉಳಿಯಬೇಕು. ಕರಡು ಪ್ರಾಂಶುಪಾಲರ ಕೋಣೆಯಿಂದ ವಾಪಸು ಬಂದಿದೆ. ‘ಕಾರ್ಯಭಾರ’ದ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ‘ಪ್ರಯಾಣ ಭತ್ಯೆ’ಯ ಪಕ್ಕ ಎರಡು.

ಕಳೆದ ವಾರ ಆ ಉಪನ್ಯಾಸಕಿ ಫೋನ್ ಮಾಡಿದ್ದರು. ಖಾಲಿ ಅವಲೋಕನ ಹಾಳೆಯ ಫೋಟೋ ಕಳಿಸಿ ಎಂದರು. ಹೊಸ ಕಾಲೇಜಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರನ್ನು ತಮ್ಮ ತರಗತಿಗೆ ಬಂದು ಕೂರಲು ಕರೆದಿದ್ದಾರಂತೆ. ಅವರು ಬರುತ್ತೇನೆ ಎಂದಿದ್ದಾರೆ. ತಮ್ಮ ತರಗತಿಗೆ ಈಕೆ ಬರಬಹುದೇ ಎಂಬುದಕ್ಕೆ ಮಾತ್ರ ಇನ್ನೂ ಉತ್ತರಿಸಿಲ್ಲ. ಹಾಳೆಯ ಕೊನೆಗೆ ‘ಹೇಳಿದ್ದು ನಿಜವೇ?’ ಎಂಬ ಹೊಸ ಕಾಲಮ್ಮನ್ನು ಕೈಯಲ್ಲೇ ಬರೆದು, ಫೋಟೋ ತೆಗೆದು ಕಳಿಸಿದೆ.